ಮಿಶಿಗನ್ ಹೊಲದಲ್ಲಿ ಏಳುವ ಬಂಡೆಗಳು, ಕೆಂಪು ಹರಳಿನ ಕಲ್ಲು, ಅಯಸ್ಕಾಂತಕ್ಕೆ ಅಂಟುವ ಕಲ್ಲು: ಎಲ್ಲಿಂದ ಬಂದವು, ಹೇಗೆ ಗುರುತಿಸುವುದು, ಹೇಗೆ ತೆಗೆಯುವುದು?

ಹೊಲದಂಚು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಜಾಗ ಅಮೆರಿಕದ ಮಿಶಿಗನ್‌ ರಾಜ್ಯದ ಮಾಂಟ್‌ಕಾಮ್ ಕೌಂಟಿ. ಆಲೂಗಡ್ಡೆ ಬೆಳೆಯುವ ಮರಳು ನೆಲ, ನಡುನಡುವೆ ಜೇಡಿಮಣ್ಣಿನ ಪಟ್ಟೆ. ಸುತ್ತ ಬೆಟ್ಟವಿಲ್ಲ, ಹೊಲದ ಹತ್ತಿರ ಹೊಳೆಯೂ ಇಲ್ಲ. ಆದರೂ ಪ್ರತಿ ವರ್ಷ ಚಳಿಗಾಲ ಕಳೆದು ಉಳುಮೆಗೆ ಇಳಿದಾಗ ಹೊಸ ಕಲ್ಲುಗಳು ಮೇಲೆದ್ದಿರುತ್ತವೆ. ಅದರಲ್ಲಿ ನಾಲ್ಕರ ಬಗ್ಗೆ ತಿಳಿಯಬೇಕಿತ್ತು.

1. ನಸುಗೆಂಪು ಗ್ರಾನೈಟ್ ಬಂಡೆ. ನೆಲದ ಮೇಲೆ 40 ಸೆಂ.ಮೀ. ಕಾಣುತ್ತದೆ, ಒಳಗೆ ಎಷ್ಟಿದೆ ನೋಡಿಲ್ಲ. ಇದನ್ನು ತೆಗೆದು ಗೇಟಿನ ಬಳಿ ಇಡುವ ಆಸೆ.
2. ಮುಷ್ಟಿ ಗಾತ್ರದ ಬಿಳಿ ಕಲ್ಲು. ಒಳಗೆ ಕೆಂಪು, ಕಂದು, ಕಪ್ಪು ಹರಳುಗಳು ಹುದುಗಿವೆ.
3. ಕಡುಬೂದು ಬಣ್ಣದ ಕಲ್ಲು. ಅದರಲ್ಲಿ ಅಲ್ಲೊಂದು ಇಲ್ಲೊಂದು ಗುಲಾಬಿ ಬಣ್ಣದ ಚೂರು.
4. ತೆಂಗಿನಕಾಯಿ ಗಾತ್ರದ, ಕೈಗೆ ತುಂಬ ಭಾರ ಅನಿಸುವ, ಕಪ್ಪು-ಕೆಂಪು ಪಟ್ಟೆಯ ಕಲ್ಲು. ಅಯಸ್ಕಾಂತ ಅಂಟುತ್ತದೆ.

ಇದೇ ಕೌಂಟಿಯ ಎಡ್ಮೋರ್‌ನಲ್ಲಿ ಬಾಗಿಲಿಗೆ ಒತ್ತು ಕೊಡುತ್ತಿದ್ದ ಕಲ್ಲು ಉಲ್ಕೆ ಎಂದು ಗೊತ್ತಾದ ಸುದ್ದಿ ಹಲವರು ಓದಿರಬಹುದು. ನಾಲ್ಕನೆಯದು ಅಂಥದ್ದೇ ಇರಬಹುದೇ? ಒಡೆದು ನೋಡುವ ಮೊದಲು ಏನೇನು ಪರೀಕ್ಷೆ ಮಾಡಬಹುದು?

ಕಣಶಿಲೆ:

ಮೊದಲು ಎಲ್ಲಿಂದ ಬಂದವು ಅನ್ನುವುದು. ಮಿಶಿಗನ್‌ನ ಕೆಳ ಪರ್ಯಾಯ ದ್ವೀಪದಲ್ಲಿ (ರಾಜ್ಯದ ದಕ್ಷಿಣ ಭಾಗ, ನಿಮ್ಮ ಕೌಂಟಿ ಇರುವುದೂ ಇಲ್ಲೇ) ನೆಲದ ಬುನಾದಿ ಕಲ್ಲು ಪೂರ್ತಿ ಮರಳುಗಲ್ಲು, ಜೇಡುಗಲ್ಲು, ಸುಣ್ಣಕಲ್ಲು ಇತ್ಯಾದಿ. ಗ್ರಾನೈಟ್, ನೈಸ್ (ಗ್ರಾನೈಟ್‌ನ ಹಾಗೇ ಇದ್ದು ಪಟ್ಟೆ ಬಿದ್ದ ಶಿಲೆ) ಥರದ ಕಲ್ಲು ಅಲ್ಲಿ ಎಲ್ಲೂ ನೆಲದ ಮೇಲೆ ಹೊರಬಂದಿಲ್ಲ; ನಡುಭಾಗದಲ್ಲಿ ಅದನ್ನು ಮುಟ್ಟಬೇಕಾದರೆ ಕಿಲೋಮೀಟರ್‌ಗಟ್ಟಲೆ ಕೊರೆಯಬೇಕು. ಹಾಗಾಗಿ ನಿಮ್ಮ ಹೊಲದಲ್ಲಿ ಸಿಗುವ ಒಂದೊಂದು ಗ್ರಾನೈಟ್ ತುಂಡೂ ಹೊರಗಿನಿಂದ ಬಂದದ್ದು. ಇದರಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ.

ತಂದದ್ದು ಲಾರೆಂಟೈಡ್ ಹಿಮಹಾಸು. ಸುಮಾರು 20,000 ವರ್ಷಗಳ ಹಿಂದೆ ಅದು ಕೆನಡಾದ ಬಹುಭಾಗ ಆವರಿಸಿ ದಕ್ಷಿಣಕ್ಕೆ ಇಂಡಿಯಾನ, ಓಹಾಯೊವರೆಗೆ ಚಾಚಿತ್ತು. ಹಿಮ ತನ್ನ ಅಡಿಯಲ್ಲಿ ಬಂಡೆಯ ಬಿರುಕಿಗೆ ಹೆಪ್ಪುಗಟ್ಟಿ ಕಿತ್ತುಕೊಳ್ಳುತ್ತದೆ, ಕಿತ್ತದ್ದನ್ನು ನೆಲಕ್ಕೆ ಉಜ್ಜುತ್ತ ಸಾಗಿಸುತ್ತದೆ, ಕರಗಿದಲ್ಲಿ ಬಿಟ್ಟುಹೋಗುತ್ತದೆ. ನೀರು ಹೊತ್ತು ತಂದಿದ್ದರೆ ದಪ್ಪದ್ದು ಒಂದು ಕಡೆ, ಸಣ್ಣದು ಒಂದು ಕಡೆ ಅಂತ ಬೇರೆ ಬೇರೆಯಾಗುತ್ತಿತ್ತು. ಹಿಮ ಆ ಕೆಲಸ ಮಾಡುವುದಿಲ್ಲ. ಜೇಡಿಪುಡಿ, ಮರಳು, ಜಲ್ಲಿ, ಕಾರಿನಷ್ಟು ದೊಡ್ಡ ಬಂಡೆ ಎಲ್ಲ ಒಂದೇ ರಾಶಿಯಲ್ಲಿ ಬೀಳುತ್ತವೆ. ಇದಕ್ಕೆ ಟಿಲ್ ಎನ್ನುತ್ತಾರೆ. ನಿಮ್ಮ ಜೇಡಿ ಪಟ್ಟೆಗಳು ಬಹುತೇಕ ಟಿಲ್. ಮರಳು ನೆಲ ಹಿಮ ಕರಗಿದ ನೀರು ಹರಡಿದ್ದು. ಆಲೂಗಡ್ಡೆಗೆ ಈ ಮರಳು ಒಳ್ಳೆಯದು. ಆದರೆ ಕೀಳುವ ಯಂತ್ರದಲ್ಲಿ ಕಲ್ಲೂ ಗಡ್ಡೆಯೂ ಒಟ್ಟಿಗೆ ಬಂದು ಗಡ್ಡೆಗೆ ಪೆಟ್ಟಾಗುವುದೂ ಇದೇ ಹಿಮದ ಬಳುವಳಿ.

ಇಂಥ ರಾಶಿ ರಾಜ್ಯದ ಬಹುಭಾಗದಲ್ಲಿದೆ. ಕ್ಯಾಡಿಲಾಕ್ ಸುತ್ತ ಅದರ ದಪ್ಪ 300 ಮೀಟರ್ ಮೀರುತ್ತದೆ. ಹಿಂದೆ ಯುರೋಪಿನಲ್ಲಿ ಇವನ್ನೆಲ್ಲ ಮಹಾಪ್ರಳಯದ ನೀರು ತಂದದ್ದು ಅಂದುಕೊಂಡಿದ್ದರು. 1837ರಲ್ಲಿ ಸ್ವಿಟ್ಜರ್ಲೆಂಡಿನ ಲೂಯಿ ಅಗಾಸಿ ಹಿಮಯುಗದ ವಾದ ಮಂಡಿಸಿದ ಮೇಲೆ ಆ ನಂಬಿಕೆ ನಿಧಾನಕ್ಕೆ ಸಡಿಲವಾಯಿತು.

ಪ್ರತಿ ವರ್ಷ ಹೊಸ ಕಲ್ಲು ಏಳುವುದಕ್ಕೆ ಕಾರಣ ಬೇರೆ. ಮಣ್ಣಿಗಿಂತ ಕಲ್ಲಿನಲ್ಲಿ ಚಳಿ ಬೇಗ ಇಳಿಯುತ್ತದೆ. ಕಲ್ಲಿನ ತಳದಲ್ಲಿರುವ ತೇವ ಮೊದಲು ಹೆಪ್ಪುಗಟ್ಟಿ ಪದರ ಪದರವಾಗಿ ಬೆಳೆದು ಕಲ್ಲನ್ನು ಮೇಲಕ್ಕೆ ಒತ್ತುತ್ತದೆ. ಕರಗುವಾಗ ಪಕ್ಕದ ಮಣ್ಣು ಕೆಳಗಿನ ಟೊಳ್ಳಿಗೆ ಜಾರಿ ತುಂಬುತ್ತದೆ, ಕಲ್ಲು ಮತ್ತೆ ಕೆಳಗೆ ಇಳಿಯಲು ಜಾಗವಿರುವುದಿಲ್ಲ. ಅದಕ್ಕೇ ನಯವಾದ ಜೇಡಿ-ಹೂಳು ಇರುವ ಕಡೆ ಕಲ್ಲು ಜಾಸ್ತಿ ಏಳುತ್ತವೆ, ಬರೀ ಒರಟು ಮರಳಿನಲ್ಲಿ ಕಡಿಮೆ. ಒಂದು ಸಲ ಆರಿಸಿದರೆ ಮುಗಿಯಿತು ಅನ್ನುವಂತಿಲ್ಲ. ಹಿಮ ಕರಗಿದ ಮೇಲೆ, ಬಿತ್ತನೆಗೆ ಮೊದಲು, ಒಂದು ಮಳೆ ಬಿದ್ದ ಮಾರನೆಯ ದಿನ ಆರಿಸುವುದು ಸರಿಯಾದ ಹೊತ್ತು. ಮಣ್ಣು ತೊಳೆದಿರುತ್ತದೆ, ಒದ್ದೆ ಕಲ್ಲಿನ ಬಣ್ಣವೂ ಚೆನ್ನಾಗಿ ಕಾಣುತ್ತದೆ.

ಬೆಣಚುಕಲ್ಲು:

ನಿಮ್ಮ ಎರಡನೆಯ ಕಲ್ಲು ನಾಲ್ಕರಲ್ಲೂ ಅಮೂಲ್ಯವಾದ್ದು. ವಿವರಣೆ ನೋಡಿದರೆ ಪುಡ್ಡಿಂಗ್‌ಸ್ಟೋನ್. ಹರಳುಗಟ್ಟಿದ ಮರಳಿನ ಬಿಳಿ ಕ್ವಾರ್ಟ್ಸೈಟ್, ಅದರಲ್ಲಿ ಹುದುಗಿದ ಕೆಂಪು ಜಾಸ್ಪರ್, ಕಂದು-ಕಪ್ಪು ಚರ್ಟ್ ಉಂಡೆಗಳು (ಎರಡೂ ನಯವಾದ ಗಡಸು ಸಿಲಿಕಾ ಕಲ್ಲುಗಳು). ಹುಟ್ಟೂರು ಕೆನಡಾದ ಒಂಟಾರಿಯೊದಲ್ಲಿ, ಹ್ಯೂರಾನ್ ಸರೋವರದ ಉತ್ತರ ದಡದ ಬ್ರೂಸ್ ಮೈನ್ಸ್ ಮತ್ತು ಸೇಂಟ್ ಜೋಸೆಫ್ ದ್ವೀಪದ ಆಸುಪಾಸು. ಅಲ್ಲಿನ ಲೊರೇನ್ ಶಿಲಾಸ್ತರದ ವಯಸ್ಸು ಸುಮಾರು 230 ಕೋಟಿ ವರ್ಷ. ಮಾಂಟ್‌ಕಾಮ್‌ಗೆ ನೇರ ಗೆರೆ ಎಳೆದರೆ ಸುಮಾರು 350 ಕಿ.ಮೀ.

ಇದು ಅಮೂಲ್ಯ ಅಂದದ್ದು ದುಡ್ಡಿಗಲ್ಲ. ಗ್ರಾನೈಟ್ ಬಂಡೆ ನೋಡಿ ಅದರ ಊರು ಹೇಳುವುದು ಕಷ್ಟ, ಯಾಕೆಂದರೆ ಕೆನಡಾದಲ್ಲಿ ಸಾವಿರಾರು ಕಿಲೋಮೀಟರ್ ಅಂಥದ್ದೇ ಇದೆ. ಊರು ಸಣ್ಣದಿದ್ದು, ಚಹರೆ ಬೇರೆ ಯಾವುದಕ್ಕೂ ಹೋಲದಂತಿದ್ದರೆ ಮಾತ್ರ ಕಲ್ಲು ದಾರಿ ತೋರಿಸುತ್ತದೆ. ಪುಡ್ಡಿಂಗ್‌ಸ್ಟೋನ್ ಎರಡೂ ಷರತ್ತು ಪೂರೈಸುತ್ತದೆ. ಮಿಶಿಗನ್ ಮೇಲೆ ಹಿಮ ಮೂರು ನಾಲಗೆಗಳಾಗಿ ಇಳಿದಿತ್ತು: ಪಶ್ಚಿಮಕ್ಕೆ ಮಿಶಿಗನ್ ಸರೋವರದ ತಗ್ಗಿನಲ್ಲೊಂದು, ನಡುವೆ ಸ್ಯಾಗಿನಾ ಕೊಲ್ಲಿಯ ಕಡೆಯಿಂದ ಇನ್ನೊಂದು, ಪೂರ್ವಕ್ಕೆ ಹ್ಯೂರಾನ್-ಈರಿ ತಗ್ಗಿನಲ್ಲಿ ಮತ್ತೊಂದು. ಪುಡ್ಡಿಂಗ್‌ಸ್ಟೋನ್ ಸಿಕ್ಕಿತು ಅಂದರೆ ಆ ಕಲ್ಲು ಈಶಾನ್ಯದಿಂದ, ಹ್ಯೂರಾನ್ ಕಡೆಯ ಹಿಮದಲ್ಲಿ ಬಂದಿದೆ ಎಂದು ಧೈರ್ಯವಾಗಿ ಹೇಳಬಹುದು.

ಒಂದು ಮೋಸ ಇದೆ, ನೋಡಿಕೊಳ್ಳಿ. ಕೆಂಪು ಜಲ್ಲಿ ಹಾಕಿದ ಹಳೆಯ ಕಾಂಕ್ರೀಟ್ ತುಂಡು ಹೊಲದಲ್ಲಿ ಸವೆದು ದುಂಡಗಾದರೆ ಥೇಟ್ ಹೀಗೇ ಕಾಣುತ್ತದೆ. ಒಡೆದ ಅಂಚು ನೋಡಿ. ಪುಡ್ಡಿಂಗ್‌ಸ್ಟೋನ್‌ನಲ್ಲಿ ಬಿರುಕು ಉಂಡೆಗಳನ್ನೇ ಸೀಳಿಕೊಂಡು ಹೋಗಿರುತ್ತದೆ, ಯಾಕೆಂದರೆ ಅಂಟು ಕೂಡ ಉಂಡೆಯಷ್ಟೇ ಗಟ್ಟಿ. ಕಾಂಕ್ರೀಟ್‌ನಲ್ಲಿ ಬಿರುಕು ಉಂಡೆಯ ಸುತ್ತ ಬಳಸಿ ಹೋಗುತ್ತದೆ, ಉಂಡೆ ಕಳಚಿ ಗುಳಿ ಉಳಿಯುತ್ತದೆ. ಬಿಳಿ ಭಾಗವನ್ನು ಚಾಕುವಿನ ಮೊನೆಯಿಂದ ಗೀರಿ: ಗೀರು ಬಿದ್ದರೆ ಸಿಮೆಂಟು, ಚಾಕುವಿನ ಉಕ್ಕೇ ಕಲ್ಲಿನ ಮೇಲೆ ಬೂದು ಗೆರೆಯಾಗಿ ಅಂಟಿದರೆ ಕ್ವಾರ್ಟ್ಸೈಟ್.

ಮೂರನೆಯದು ಗೌಗಂಡಾ ಟಿಲೈಟ್ ಇರಬೇಕು. ಬೂದು ಹೂಳಿನ ಕಲ್ಲು, ಅದರಲ್ಲಿ ಒಂದಕ್ಕೊಂದು ತಾಗದೆ ದೂರ ದೂರ ಕೂತ ಗ್ರಾನೈಟ್ ಚೂರುಗಳು. ಇದೂ ಅದೇ ಒಂಟಾರಿಯೊ ಭಾಗದ್ದು, ಲೊರೇನ್‌ಗಿಂತ ಕೆಳಗಿನ ಪದರ. ಟಿಲೈಟ್ ಅಂದರೆ ಕಲ್ಲಾದ ಟಿಲ್. ಸುಮಾರು 230 ಕೋಟಿ ವರ್ಷದ ಹಿಂದಿನ ಒಂದು ಹಿಮಯುಗ ಬಿಟ್ಟುಹೋದ ಕೆಸರು ಕಲ್ಲಾಗಿ, ಆ ಕಲ್ಲನ್ನು ಈಚಿನ ಹಿಮಯುಗ ಮತ್ತೆ ಕಿತ್ತು ನಿಮ್ಮ ಹೊಲಕ್ಕೆ ಹಾಕಿದೆ. ದಯವಿಟ್ಟು ಇದನ್ನು ಕಲ್ಲಿನ ಗುಡ್ಡೆಗೆ ಎಸೆಯಬೇಡಿ. ಪುಡ್ಡಿಂಗ್‌ಸ್ಟೋನ್ ಆರಿಸುವವರು ನೂರು ಜನ ಇದ್ದಾರೆ, ಇದನ್ನು ಗುರುತಿಸುವವರು ಕಡಿಮೆ.

ನಾಲ್ಕನೆಯದಕ್ಕೆ ಪರೀಕ್ಷೆ ಮಾಡಿಯೇ ಹೇಳಬೇಕು. ಅಯಸ್ಕಾಂತ ಒಂದರಿಂದ ಏನೂ ತೀರ್ಮಾನ ಆಗುವುದಿಲ್ಲ. ಮ್ಯಾಗ್ನಟೈಟ್ (ಅಯಸ್ಕಾಂತ ಗುಣದ ಕಬ್ಬಿಣದ ಖನಿಜ) ಇರುವ ಯಾವ ಕಲ್ಲೂ ಅಂಟುತ್ತದೆ, ಕೆಲವು ಬಸಾಲ್ಟ್ (ಲಾವಾ ಆರಿ ಆದ ಕಪ್ಪು ಕಲ್ಲು) ಕೂಡ. ಎರಡು ಕೆಲಸ ಮಾಡಿ.

ಒಂದು, ಗೀರು ಪರೀಕ್ಷೆ. ಬಚ್ಚಲಿನ ಟೈಲ್ಸ್ ಹಿಂಬದಿ ಹೊಳಪಿಲ್ಲದ ಬಿಳಿ ಭಾಗ ಇರುತ್ತದಲ್ಲ, ಅದರ ಮೇಲೆ ಕಲ್ಲಿನ ಮೂಲೆಯನ್ನು ಒತ್ತಿ ಎಳೆಯಿರಿ. ಬೀಳುವ ಪುಡಿಯ ಬಣ್ಣ ನೋಡಿ.

ಎರಡು, ಸಾಂದ್ರತೆ. ಸೂಟ್‌ಕೇಸ್ ತೂಗುವ ಡಿಜಿಟಲ್ ತಕ್ಕಡಿ ಸಾಕು. ತೆಳು ನೈಲಾನ್ ದಾರ ಕಟ್ಟಿ ಗಾಳಿಯಲ್ಲಿ ತೂಗಿ. ಆಮೇಲೆ ಅದೇ ದಾರದಲ್ಲಿ ಬಕೆಟ್ ನೀರಿನಲ್ಲಿ ಪೂರ್ತಿ ಮುಳುಗಿಸಿ, ತಳ-ಗೋಡೆ ತಾಗದಂತೆ ಹಿಡಿದು ತೂಗಿ. ಮುಳುಗಿಸಿದಾಗ ಅಂಟಿದ ಗಾಳಿಗುಳ್ಳೆಗಳನ್ನು ಬೆರಳಿನಿಂದ ಸವರಿ ಬಿಡಿಸಿ. ಗಾಳಿಯಲ್ಲಿ ಸಿಕ್ಕ ತೂಕವನ್ನು ಎರಡು ತೂಕಗಳ ವ್ಯತ್ಯಾಸದಿಂದ ಭಾಗಿಸಿದರೆ ಉತ್ತರ. ಗ್ರಾನೈಟ್ 2.6ರಿಂದ 2.7, ಬಸಾಲ್ಟ್ 3ರ ಸುತ್ತ, ಕಬ್ಬಿಣದ ಉಲ್ಕೆ 7ರಿಂದ 8.

ಒಡೆಯಬೇಡಿ. ಉಲ್ಕೆಯೇ ಆಗಿದ್ದರೆ ಹೊರಸಿಪ್ಪೆ ಹಾಳಾಗುತ್ತದೆ, ಅಲ್ಲದಿದ್ದರೆ ಒಂದು ಒಳ್ಳೆಯ ಮಾದರಿ ಹಾಳಾಗುತ್ತದೆ.

ಹಾರೆಗುದ್ದಲಿ:

ಬಂಡೆ ತೆಗೆಯುವ ವಿಷಯಕ್ಕೆ ಬರ್ತೀನಿ. ಮೇಲೆ 40 ಸೆಂ.ಮೀ. ಕಂಡರೆ ಅದರಿಂದ ಏನೂ ಗೊತ್ತಾಗಲ್ಲ. ಮೊದಲು 811ಕ್ಕೆ ಫೋನ್ ಮಾಡಿ. ನೆಲದಡಿಯ ಗ್ಯಾಸು, ಕರೆಂಟು, ಫೋನ್ ಲೈನ್ ಗುರುತು ಹಾಕಿ ಕೊಡ್ತಾರೆ, ದುಡ್ಡು ತಗೊಳ್ಳಲ್ಲ. ಮಿಶಿಗನ್‌ನಲ್ಲಿ ಅಗೆಯೋದಕ್ಕೆ ಮೂರು ಕೆಲಸದ ದಿನ ಮುಂಚೆ ಹೇಳಬೇಕು. ಆ ಗುರುತು ಬಿದ್ದ ಮೇಲೆ ಮೊನೆಯಿರೋ ಉದ್ದನೆಯ ಕಬ್ಬಿಣದ ಹಾರೆ ತಗೊಂಡು ಬಂಡೆಯ ಸುತ್ತ ಒಂದೊಂದು ಅಡಿಗೆ ಚುಚ್ಚುತ್ತಾ ಹೊರಕ್ಕೆ ಹೋಗಿ. ಕಲ್ಲಿಗೆ ತಾಗಿದರೆ ಟಣ್ ಅಂತ ಕೈಗೆ ಹೊಡೆಯುತ್ತೆ. ತಾಗೋದು ನಿಂತ ಕಡೆ ಒಂದೊಂದು ಕಡ್ಡಿ ನೆಟ್ಟುಕೊಂಡು ಬನ್ನಿ. ಬಂಡೆಯ ನಿಜವಾದ ಅಗಲ ಸಿಗುತ್ತೆ.

ತೂಕದ ಲೆಕ್ಕ: ಉದ್ದ, ಅಗಲ, ಎತ್ತರ ಮೂರನ್ನೂ ಮೀಟರಿನಲ್ಲಿ ಗುಣಿಸಿ, 0.52ರಿಂದ ಗುಣಿಸಿ (ಬಂಡೆ ದುಂಡಗಿರೋದರಿಂದ), ಆಮೇಲೆ 2.7ರಿಂದ. ಉತ್ತರ ಟನ್ನಿನಲ್ಲಿ ಬರುತ್ತೆ. 1.2, 0.9, 0.8 ಮೀಟರ್ ಇರೋ ಬಂಡೆ 1.2 ಟನ್. ನೋಡೋಕೆ ಸಣ್ಣದು. ಮನೆ ಬಳಕೆಯ ಚಿಕ್ಕ ಟ್ರ್ಯಾಕ್ಟರಿನ ಲೋಡರ್ ಸಾಮಾನ್ಯವಾಗಿ 400ರಿಂದ 900 ಕೆ.ಜಿ. ಅಷ್ಟೇ ಎತ್ತೋದು. ಅಳೆದು ಹೇಳಿ, ಆಮೇಲೆ ಮುಂದಿನದು.

ತುಂಗಾತೀರ:

ಬಂಡೆ ದೊಡ್ಡದಿದ್ದರೆ ಸೀಳಿ ತೆಗೆಯಬಹುದಲ್ಲವೇ? ಕೋಲಾರ, ದೇವನಹಳ್ಳಿ ಕಡೆ ಬೆಂಕಿ ಹಾಕಿ ಚಪ್ಪಡಿ ಎಬ್ಬಿಸುವ ಹಾಗೆ ಸುತ್ತ ಸೌದೆ ಒಟ್ಟಿ ಸುಟ್ಟರೆ ಯಂತ್ರದ ಖರ್ಚೇ ಇರುವುದಿಲ್ಲ. ಇನ್ನೊಂದು ಪ್ರಶ್ನೆ, ವಿಷಯಕ್ಕೆ ಸಂಬಂಧಿಸಿದ್ದೇ: ಹಂಪಿ, ರಾಮನಗರದ ಗುಂಡುಗಳೂ ಹೀಗೆ ಹಿಮ ತಂದವೇ?

ಹಾರೆಗುದ್ದಲಿ:

ಬೆಂಕಿ ಬೇಡ ಸರ್, ಖಂಡಿತ ಬೇಡ. ಅಲ್ಲಿ ಬೆಂಕಿ ಹಾಕೋದು ನೆಲಕ್ಕೆ ಅಂಟಿದ ಹಾಸುಬಂಡೆಯ ಮೇಲೆ. ಕಾದ ಮೇಲ್ಪದರ ಅಗಲಕ್ಕೆ ಹಿಗ್ಗೋಕೆ ನೋಡುತ್ತೆ, ಸುತ್ತಲಿನ ತಣ್ಣನೆ ಬಂಡೆ ಬಿಡಲ್ಲ, ಹಾಗಾಗಿ ಪದರ ಕೆಳಗಿನಿಂದ ಬಿಟ್ಟುಕೊಂಡು ಏಳುತ್ತೆ. ಬಿಡಿ ಗುಂಡಿನಲ್ಲಿ ಸುತ್ತ ಒತ್ತಿ ಹಿಡಿಯೋದು ಏನೂ ಇಲ್ಲ. ಬರೀ ಸಿಪ್ಪೆ ಚೂರುಚೂರಾಗಿ ಸಿಡಿಯುತ್ತೆ. ಮೇಲಾಗಿ ಇದು ಒದ್ದೆ ನೆಲದಲ್ಲಿ ಹೂತಿರೋ ಬಂಡೆ, ಬಿರುಕಿನ ನೀರು ಆವಿಯಾದರೆ ಚೂರು ಮುಖಕ್ಕೇ ಬರುತ್ತೆ. ಹೊಲದ ಕಲ್ಲನ್ನು ಕ್ಯಾಂಪ್ ಬೆಂಕಿಯ ಸುತ್ತ ಇಡೋರೂ ಇದನ್ನು ನೆನಪಿಡಬೇಕು: ಜೇಡುಗಲ್ಲು, ಚರ್ಟ್, ಸುಣ್ಣಕಲ್ಲು, ನೀರು ಕುಡಿದ ಯಾವ ಕಲ್ಲೂ ಸಿಡಿಯಬಹುದು.

ಸೀಳಲೇಬೇಕು ಅಂದರೆ ಬೆಣೆ. 16 ಮಿ.ಮೀ. ಡ್ರಿಲ್ಲಿನಲ್ಲಿ ಒಂದೇ ಗೆರೆಯಲ್ಲಿ 10ರಿಂದ 15 ಸೆಂ.ಮೀ.ಗೆ ಒಂದು ತೂತು, ಬೆಣೆಯ ಉದ್ದಕ್ಕಿಂತ ಒಂದೆರಡು ಸೆಂ.ಮೀ. ಹೆಚ್ಚು ಆಳ. ಎರಡು ರೆಕ್ಕೆ ತಗಡು ಇಳಿಸಿ ನಡುವೆ ಬೆಣೆ. ರೆಕ್ಕೆಗಳು ಗೆರೆಯ ಎರಡು ಪಕ್ಕಕ್ಕೆ ಬರಬೇಕು, ತಿರುಗಿಸಿ ಹಾಕಿದರೆ ಬಿರುಕು ಅಡ್ಡಡ್ಡ ಓಡುತ್ತೆ. ಸಾಲಿನ ಈ ತುದಿಯಿಂದ ಆ ತುದಿಗೆ ಒಂದೊಂದಕ್ಕೆ ಒಂದೇ ಪೆಟ್ಟು, ಮತ್ತೆ ಮೊದಲಿಂದ. ಸುತ್ತಿಗೆಯ ಸದ್ದು ಏರುತ್ತಾ ಹೋಗಿ ಬಿಗಿಯಾದಾಗ ನಿಲ್ಲಿಸಿ ಐದು ಹತ್ತು ನಿಮಿಷ ಬಿಡಿ, ಕಲ್ಲು ತಾನೇ ಬಿಟ್ಟುಕೊಳ್ಳುತ್ತೆ. ಅವಸರಪಟ್ಟು ಒಂದೇ ಬೆಣೆಗೆ ಹೊಡೆದರೆ ಮೂಲೆ ಎಗರುತ್ತೆ. ಗ್ರಾನೈಟ್ ಧೂಳು ಪುಪ್ಪುಸಕ್ಕೆ ವಿಷ. ತೂತಿಗೆ ನೀರು ಬಿಡುತ್ತಾ ಕೊರೆಯಿರಿ, ಸರಿಯಾದ ಮುಖಗವಸು, ಕಣ್ಣಿಗೆ ಕನ್ನಡಕ ಕಡ್ಡಾಯ.

ಆದರೆ ಇಷ್ಟು ದೂರ ಇಡಿಯಾಗಿ ಬಂದ ಬಂಡೆಯನ್ನು ಸೀಳೋದು ನನಗೆ ಸರಿಯಲ್ಲ ಅನಿಸುತ್ತೆ.

ಕಣಶಿಲೆ:

ಹಂಪಿಯ ಪ್ರಶ್ನೆಗೆ: ಅಲ್ಲ. ಹಂಪಿ, ರಾಮನಗರದ ಗುಂಡುಗಳು ಇದ್ದಲ್ಲೇ ಆದವು. ಗ್ರಾನೈಟ್‌ನಲ್ಲಿ ಅಡ್ಡಉದ್ದ ಸೀಳುಗಳಿರುತ್ತವೆ. ನೆಲದೊಳಗೆ ನೀರು ಆ ಸೀಳುಗಳಲ್ಲಿ ಇಳಿದು ಮೂಲೆಗಳನ್ನು ಮೊದಲು ಕೊಳೆಸುತ್ತದೆ, ನಡುವಿನ ತಿರುಳು ದುಂಡಗೆ ಗಟ್ಟಿಯಾಗಿ ಉಳಿಯುತ್ತದೆ. ಕೊಳೆತ ಮಣ್ಣು ಮಳೆಗೆ ತೊಳೆದುಹೋದಾಗ ತಿರುಳುಗಳು ಒಂದರ ಮೇಲೊಂದು ಕೂತು ಉಳಿಯುತ್ತವೆ. ಪತ್ತೆ ಸುಲಭ: ಗುಂಡೂ ಅದರ ಕೆಳಗಿನ ಹಾಸುಬಂಡೆಯೂ ಒಂದೇ ಜಾತಿ. ಮಾಂಟ್‌ಕಾಮ್‌ನಲ್ಲಿ ಒಂದು ಗುಡ್ಡೆಯಲ್ಲೇ ಗ್ರಾನೈಟ್, ನೈಸ್, ಬಸಾಲ್ಟ್, ಕ್ವಾರ್ಟ್ಸೈಟ್, ಹವಳದ ಅಚ್ಚಿರುವ ಸುಣ್ಣಕಲ್ಲು ಎಲ್ಲ ಸಿಗುತ್ತವೆ, ಕೆಳಗಿನ ಬುನಾದಿಗೆ ಹೆಚ್ಚಿನವಕ್ಕೆ ನಂಟೇ ಇಲ್ಲ.

ಭಾರತದಲ್ಲಿ ಹಿಮದ ಗುರುತು ಇಲ್ಲವೆಂದಲ್ಲ. ಒಡಿಶಾದ ತಾಲ್ಚೇರ್‌ನಲ್ಲಿ ಸುಮಾರು 30 ಕೋಟಿ ವರ್ಷ ಹಳೆಯ ಗುಂಡುಕಲ್ಲಿನ ಪದರವನ್ನು ಭೂವೈಜ್ಞಾನಿಕ ಸರ್ವೇಕ್ಷಣೆಯ ಬ್ಲಾನ್‌ಫರ್ಡ್ ಸಹೋದರರು ಮತ್ತು ಥಿಯೊಬಾಲ್ಡ್ 1856ರಲ್ಲೇ ಹಿಮಕ್ಕೆ ಜೋಡಿಸಿದರು. ಮಹಾರಾಷ್ಟ್ರದ ಚಂದ್ರಪುರದ ಬಳಿ ಇರೈ ಎಂಬಲ್ಲಿ ಅದೇ ಕಾಲದ ಹಿಮ ಗೀರಿದ ಸುಣ್ಣಕಲ್ಲಿನ ಹಾಸೂ ಇದೆ. ಕರ್ನಾಟಕಕ್ಕೆ ಬಂದರೆ ಚಿತ್ರದುರ್ಗ ಜಿಲ್ಲೆಯ ತಾಳ್ಯದ ಕಾಂಗ್ಲೊಮರೇಟ್ (ಉಂಡೆಕಲ್ಲುಗಳು ಅಂಟಿಕೊಂಡು ಆದ ಶಿಲೆ). ಸುಮಾರು 270 ಕೋಟಿ ವರ್ಷದ ಈ ಕಲ್ಲು ಸಮುದ್ರದಲ್ಲಿ ತೇಲುವ ಹಿಮದಿಂದ ಉದುರಿದ ಕಲ್ಲುಗಳನ್ನು ಒಳಗೊಂಡಿದೆ ಎಂದು ಕೆಲವು ಭೂವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದರು. ಅವರ ವಾದ ಒಪ್ಪಿದರೆ ಅದು ಗೌಗಂಡಾಗಿಂತ ಹಳೆಯದು. ಆದರೆ ಇವೆಲ್ಲ ಗಟ್ಟಿಯಾದ ಶಿಲಾಪದರಗಳು. ಹೊಲದ ಮೇಲೆ ಬಿಡಿಯಾಗಿ ಬಿದ್ದ ಅಲೆಮಾರಿ ಬಂಡೆ ಕರ್ನಾಟಕದಲ್ಲಿ ಹುಡುಕಬೇಡಿ.

ಹೊಲದಂಚು:

ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಪರೀಕ್ಷೆಯ ಫಲ ಹೀಗಿದೆ.

ನಾಲ್ಕನೇ ಕಲ್ಲು: ಗಾಳಿಯಲ್ಲಿ 6.3 ಕೆ.ಜಿ., ನೀರಿನಲ್ಲಿ 4.5 ಕೆ.ಜಿ. ಅಂದರೆ ಸಾಂದ್ರತೆ 3.5. ಟೈಲ್ಸ್ ಮೇಲೆ ಕೆಂಗಂದು ಗೀರು. ಪಟ್ಟೆಗಳು ಒಂದು ಬದಿಯಿಂದ ಇನ್ನೊಂದು ಬದಿಗೆ ಹಾಯುತ್ತವೆ, ಒಂದು ಕಡೆ ಮಡಿಕೆ ಬಿದ್ದಿದೆ.

ಎರಡನೇ ಕಲ್ಲು: ಚಾಕುವಿನ ಗೀರು ಬೀಳಲಿಲ್ಲ, ಬೂದು ಗೆರೆ ಅಂಟಿತು. ಮುರಿದ ಅಂಚಿನಲ್ಲಿ ಕೆಂಪು ಉಂಡೆಗಳೇ ಸೀಳಿವೆ.

ಬಂಡೆ: ಹಾರೆ ಚುಚ್ಚಿ ನೋಡಿದ್ದಕ್ಕೆ 1.5 ಮೀಟರ್ ಉದ್ದ, 1.2 ಅಗಲ. ಒಂದು ಬದಿ ಅಗೆದು ನೋಡಿದಾಗ ಒಟ್ಟು ಎತ್ತರ ಸುಮಾರು 1 ಮೀಟರ್. ಬದಿಯಲ್ಲಿ ಉದ್ದುದ್ದ ಗೀರುಗಳೂ ಇವೆ. ಹಿಮದ ಗೀರುಗಳಿರಬಹುದೇ?

ಬೆಣಚುಕಲ್ಲು:

ಎರಡನೆಯದು ಪುಡ್ಡಿಂಗ್‌ಸ್ಟೋನ್, ಇನ್ನು ಸಂಶಯ ಬೇಡ.

ನಾಲ್ಕನೆಯದು ಉಲ್ಕೆಯಲ್ಲ. ಇಲ್ಲಿ ಒಂದು ಸೂಕ್ಷ್ಮ ಇದೆ. 3.5 ಎಂಬ ಅಂಕಿ ಕಬ್ಬಿಣದ ಉಲ್ಕೆಯನ್ನು ಮಾತ್ರ ತಳ್ಳಿಹಾಕುತ್ತದೆ. ಕಲ್ಲಿನ ಉಲ್ಕೆಗಳ ಸಾಂದ್ರತೆ ಹೆಚ್ಚಾಗಿ 3.3ರಿಂದ 3.7, ಅವಕ್ಕೂ ಅಯಸ್ಕಾಂತ ಅಂಟುತ್ತದೆ. ಹಾಗಾಗಿ ತೂಕ, ಅಯಸ್ಕಾಂತ ಎರಡೂ ಸೇರಿದರೂ ತೀರ್ಪು ಕೊಡಲಾಗದು. ತೀರ್ಪು ಕೊಟ್ಟದ್ದು ಗೀರು ಮತ್ತು ಪಟ್ಟೆ. ಕೆಂಗಂದು ಗೀರು ಅಂದರೆ ಹೆಮಟೈಟ್ ಎಂಬ ಕಬ್ಬಿಣದ ಅದಿರು. ಹೊಸ ಉಲ್ಕೆ ಟೈಲ್ಸ್ ಮೇಲೆ ಬಣ್ಣ ಬಿಡುವುದೇ ಇಲ್ಲ ಅನ್ನಬಹುದು. ಪದರ ಪದರದ ಪಟ್ಟೆ ನೀರಿನ ತಳದಲ್ಲಿ ಕೂತ ಕೆಸರಿನ ಗುರುತು. ಇದು ಪಟ್ಟೆ ಕಬ್ಬಿಣಶಿಲೆ: ಜಾಸ್ಪರ್, ಹೆಮಟೈಟ್, ಮ್ಯಾಗ್ನಟೈಟ್ ಒಂದರ ಮೇಲೊಂದು. ಸಂಡೂರು, ದೋಣಿಮಲೆ, ಕುದುರೆಮುಖದ ಅದಿರು ಹುಟ್ಟಿದ್ದೂ ಇದೇ ಜಾತಿಯ ಶಿಲೆಯಲ್ಲಿ. ಬಳ್ಳಾರಿ ಕಡೆಯವರು ಕೈಗೆತ್ತಿಕೊಂಡರೆ ತಕ್ಷಣ ಗುರುತು ಹಿಡಿಯುತ್ತಾರೆ. ಮಿಶಿಗನ್‌ನ ಮೇಲಿನ ಪರ್ಯಾಯ ದ್ವೀಪದ ಮಾರ್ಕೆಟ್ (Marquette) ಎಂಬ ಊರಿನ ಸುತ್ತ ಇದರ ಗಣಿಗಳಿವೆ, ಒಂಟಾರಿಯೊದಲ್ಲೂ ಹಲವೆಡೆ ಇದೆ. ಊರು ಹಲವು ಇರುವುದರಿಂದಲೇ ಇದು ದಾರಿ ತೋರಿಸುವ ಕಲ್ಲಲ್ಲ.

ಎಡ್ಮೋರ್‌ನದ್ದು ಸುಮಾರು 10 ಕೆ.ಜಿ. ತೂಕದ ಕಬ್ಬಿಣದ ಉಲ್ಕೆ. 2018ರಲ್ಲಿ ಸೆಂಟ್ರಲ್ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಪರೀಕ್ಷಿಸಿದಾಗ ಸುಮಾರು 88 ಭಾಗ ಕಬ್ಬಿಣ, 12 ಭಾಗ ನಿಕ್ಕಲ್ ಎಂದು ತಿಳಿಯಿತು. ಮುಂದೆ ಯಾವುದಾದರೂ ಕಲ್ಲು ಅನುಮಾನ ಹುಟ್ಟಿಸಿದರೆ ಮೊದಲು ಗುಳ್ಳೆ ನೋಡಿ. ಜೇನುಗೂಡಿನ ಹಾಗೆ ತೂತು ತೂತಾಗಿದ್ದರೆ ಅದು ಹಳೆಯ ಕಬ್ಬಿಣದ ಕುಲುಮೆಯ ಕಿಟ್ಟ. ಮಿಶಿಗನ್‌ನಲ್ಲಿ 19ನೇ ಶತಮಾನದಲ್ಲಿ ಅಂಥ ಕುಲುಮೆಗಳು ಬೇಕಾದಷ್ಟಿದ್ದವು. ಲೀಲ್ಯಾಂಡ್ ದಡದಲ್ಲಿ ಸಿಗುವ ಚಂದದ ನೀಲಿ ಕಲ್ಲೂ ಕಿಟ್ಟವೇ.

ಹಸಿರು ಪಾಚಿಬಣ್ಣ ಹಿಡಿದ, ಗಾತ್ರಕ್ಕೆ ಮೀರಿ ಭಾರದ ತುಂಡು ಸಿಕ್ಕರೆ ಮೂಲೆಯಲ್ಲಿ ಗೀರಿ ನೋಡಿ. ಒಳಗೆ ಕೆಂಪು ಲೋಹ ಹೊಳೆದರೆ ಅದು ಹಿಮ ಹೊತ್ತು ತಂದ ತಾಮ್ರ. ಸುಪೀರಿಯರ್ ಸರೋವರದ ಕೀವಿನಾ ಕಡೆಯ ಅಪ್ಪಟ ತಾಮ್ರ ಹೀಗೆ ದಕ್ಷಿಣದ ರಾಜ್ಯಗಳವರೆಗೆ ಹರಡಿದೆ. ಅಲ್ಲಿನ ಆಂಟನಾಗನ್ ನದಿಯ 3,708 ಪೌಂಡಿನ ತಾಮ್ರದ ಗುಂಡು ಈಗ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್‌ನಲ್ಲಿದೆ. ವಿಸ್ಕಾನ್ಸಿನ್‌ನ ಈಗಲ್ ಊರಲ್ಲಿ 1876ರಲ್ಲಿ ಬಾವಿ ತೋಡುವಾಗ ಇಂಥ ಹಿಮದ ಮಣ್ಣಿನಲ್ಲೇ 15 ಕ್ಯಾರೆಟ್ ಮೀರಿದ ವಜ್ರ ಸಿಕ್ಕಿತ್ತು. ಅದನ್ನು ಹುಡುಕಿಕೊಂಡು ಹೊಲ ಅಗೆಯುವುದು ವ್ಯರ್ಥ, ಆದರೆ ಕಲ್ಲು ಆರಿಸುವಾಗ ಕಣ್ಣು ತೆರೆದಿರಲಿ.

ಕಣಶಿಲೆ:

ಗೀರುಗಳ ಬಗ್ಗೆ. ಹೊಲದ ಬಂಡೆಯ ಮೇಲಿನ ಗೀರುಗಳಲ್ಲಿ ಬಹುಪಾಲು ನೇಗಿಲಿನವು. ನೇಗಿಲಿನ ಗೀರು ಮೇಲ್ಭಾಗದಲ್ಲಿ, ಉಳುಮೆಯ ಆಳದೊಳಗೆ ಮಾತ್ರ ಇರುತ್ತದೆ. ಬಿಳಿಚಾಗಿ ಹೊಸದಾಗಿ ಕಾಣುತ್ತದೆ, ಇಲ್ಲವೇ ಉಕ್ಕು ಉಜ್ಜಿ ತುಕ್ಕಿನ ಬಣ್ಣ ಹಿಡಿದಿರುತ್ತದೆ. ಹಿಮದ ಗೀರು ಸವೆದು ಚಪ್ಪಟೆಯಾದ ಮುಖದ ಮೇಲೆ, ಹತ್ತಾರು ಒಂದಕ್ಕೊಂದು ಸಮವಾಗಿ, ಕೆಲವೊಮ್ಮೆ ಇನ್ನೊಂದು ಗುಂಪು ಅದನ್ನು ಕೋನದಲ್ಲಿ ದಾಟಿ ಹೋದಂತೆ ಇರುತ್ತದೆ. ಗೀರಿನ ಒಳಗೂ ಹೊರಗೂ ಕಲ್ಲಿನ ಹಳಮೆಯ ಬಣ್ಣ ಒಂದೇ. ಉಳುಮೆ ತಲುಪದ ಆಳದಲ್ಲಿ, ಈಗ ನೀವು ಅಗೆದ ಬದಿಯ ಕೆಳಭಾಗದಲ್ಲಿ ಗೀರುಗಳಿದ್ದರೆ ಹಿಮದವೇ ಎನ್ನಬಹುದು. ಒರಟು ಕಣದ ಗ್ರಾನೈಟ್‌ನಲ್ಲಿ ಗೀರು ಅಪರೂಪಕ್ಕೆ ಉಳಿಯುತ್ತದೆ. ಬೂದು ಸುಣ್ಣಕಲ್ಲು, ನಯವಾದ ಕಪ್ಪು ಕಲ್ಲುಗಳಲ್ಲಿ ಹುಡುಕಿ, ಅಲ್ಲಿ ಕನ್ನಡಿಯ ಮೇಲೆ ಗೀರಿದಷ್ಟು ಸ್ಪಷ್ಟ ಸಿಗುತ್ತವೆ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ನೋಡಬೇಕು, ನೇರ ಬೆಳಕಿನಲ್ಲಿ ಕಾಣುವುದಿಲ್ಲ.

ಬಂಡೆಯ ಮೇಲಿನ ಗೀರಿನ ದಿಕ್ಕು ಅಳೆದು ಹಿಮ ಇತ್ತ ಹೋಯಿತು ಎಂದು ಹೇಳಬೇಡಿ. ಬಂಡೆ ಉರುಳಿರುತ್ತದೆ. ದಿಕ್ಕಿಗೆ ಬುನಾದಿ ಬಂಡೆಯ ಮೇಲಿನ ಗೀರು ಮಾತ್ರ ಸಾಕ್ಷಿ.

ತೆಗೆಯುವ ಮೊದಲು ಎಲ್ಲ ಬದಿಯ ಫೋಟೊ, ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು. ಫೋನಿನ ಜಿಪಿಎಸ್ ಗುರುತು, ಎಷ್ಟು ಆಳ, ಸುತ್ತ ಮರಳೋ ಜೇಡಿಯೋ ಬರೆದಿಡಿ. ಸಣ್ಣ ಕಲ್ಲುಗಳಿಗೂ ಇದನ್ನೇ ಮಾಡಿ. ತಳದಲ್ಲಿ ಒಂದು ಬೊಟ್ಟು ಬಿಳಿ ಬಣ್ಣ ಹಚ್ಚಿ ಒಣಗಿದ ಮೇಲೆ ಶಾಯಿಯಲ್ಲಿ ನಂಬರ್ ಬರೆಯಿರಿ. ಜಾಗ ತಿಳಿಯದ ಎರಾಟಿಕ್ (ಹಿಮ ದೂರದಿಂದ ತಂದುಹಾಕಿದ ಅಲೆಮಾರಿ ಕಲ್ಲು) ಚಂದದ ಕಲ್ಲಾಗಿ ಉಳಿಯುತ್ತದೆ, ಅಷ್ಟೇ.

ಹಾರೆಗುದ್ದಲಿ:

1.5 × 1.2 × 1.0 ಅಂದರೆ ಎರಡೂವರೆ ಟನ್. ಚಿಕ್ಕ ಟ್ರ್ಯಾಕ್ಟರ್ ಆಸೆ ಬಿಟ್ಟುಬಿಡಿ. 5-6 ಟನ್ನಿನ ಮಿನಿ ಎಕ್ಸ್‌ಕವೇಟರ್ ಇದನ್ನು ಎತ್ತಲ್ಲ, ಇಳಿಜಾರು ಮಾಡಿಕೊಟ್ಟರೆ ಉರುಳಿಸುತ್ತೆ. ಎತ್ತಿ ಸಾಗಿಸೋಕೆ ದೊಡ್ಡದೇ ಬೇಕು, ಮೇಷಿನ್ ಬಾಡಿಗೆಗೆ ತಗೊಳ್ಳುವಾಗ ಇದೇ ಅಳತೆ, ಇದೇ ತೂಕ ಹೇಳಿ.

ಅಗೆಯೋದು ಒಂದೇ ಬದಿಯಿಂದ. ಯಾವ ಕಡೆಗೆ ತೆಗೀಬೇಕೋ ಆ ಕಡೆ, ತಳಮಟ್ಟದವರೆಗೆ, ಉದ್ದನೆಯ ಇಳಿಜಾರು ಮಾಡಿ. ಸುತ್ತಲೂ ಗುಂಡಿ ತೋಡಿ ತಳದ ಮಣ್ಣು ಕೆರೆಯೋಕೆ ಯಾರೂ ಇಳಿಯಬಾರದು. ತಳ ಸಡಿಲವಾದ ಬಂಡೆ ಯಾವ ಕಡೆಗೆ ವಾಲುತ್ತೆ ಅಂತ ಹೇಳೋಕಾಗಲ್ಲ. ಜೇಡಿಯಲ್ಲಿದ್ದರೆ ಒದ್ದೆ ಮಣ್ಣು ತಳವನ್ನು ಕಚ್ಚಿ ಹಿಡಿಯುತ್ತೆ, ಮೊದಲ ಸಲ ಅಲುಗಿಸೋಕೆ ತೂಕಕ್ಕಿಂತ ಹೆಚ್ಚು ಬಲ ಬೇಕು. ಹಾರೆಯಿಂದ ಒಂದು ಸಂದಿ ಮಾಡಿ ಗಾಳಿ ಹೋಗೋಕೆ ಬಿಟ್ಟರೆ ಸಡಿಲ ಆಗುತ್ತೆ.

ಎಳೆಯೋಕೆ ಸರಪಳಿ ಬಳಸಿದರೆ ಬಂಡೆಯ ಹಿಂದೆ, ಅರ್ಧಕ್ಕಿಂತ ಕೆಳಗೆ ಸುತ್ತಿ. ಮೇಲೆ ಸುತ್ತಿದರೆ ದುಂಡುಕಲ್ಲಿನಿಂದ ಜಾರಿ ಚಾಟಿಯ ಹಾಗೆ ಬೀಸುತ್ತೆ. ಟ್ರ್ಯಾಕ್ಟರಿಗೆ ಕಟ್ಟೋದು ಹಿಂದಿನ ಕೆಳಗಿನ ಡ್ರಾಬಾರಿಗೆ (ಎಳೆಯೋಕೆಂದೇ ಇರೋ ಕಬ್ಬಿಣದ ಪಟ್ಟಿ) ಮಾತ್ರ. ಅದಕ್ಕಿಂತ ಮೇಲೆ, ಟಾಪ್ ಲಿಂಕಿಗೋ ಆಕ್ಸಲಿಗೋ ಕಟ್ಟಿದರೆ ಬಂಡೆ ಅಲ್ಲಾಡದೆ ಟ್ರ್ಯಾಕ್ಟರಿನ ಮುಂಭಾಗ ಎದ್ದು ಹಿಂದಕ್ಕೆ ಮಗುಚುತ್ತೆ. ಕಣ್ಣು ಮುಚ್ಚಿ ತೆರೆಯೋದರೊಳಗೆ ಆಗೋ ಅಪಘಾತ ಇದು. ಜನ ಸಾಯ್ತಾರೆ.

ಅವಸರ ಇಲ್ಲದಿದ್ದರೆ ಈಗ ಗುಂಡಿಯಿಂದ ಹೊರಕ್ಕೆ ಉರುಳಿಸಿ ಇಟ್ಟು, ಜನವರಿಯಲ್ಲಿ ನೆಲ ಗಟ್ಟಿಯಾದ ಮೇಲೆ ಕಬ್ಬಿಣದ ಚಪ್ಪಟೆ ಜಾರುಬಂಡಿಯ ಮೇಲೆ ಹಾಕಿ ಎಳೆಸಿ. ಹೊಲವೂ ತುಳಿದು ಹಾಳಾಗಲ್ಲ.

ಗೇಟಿನ ಬಳಿ ಇಡೋದಕ್ಕೆ ಮುಂಚೆ ಕೌಂಟಿ ರಸ್ತೆ ಇಲಾಖೆಗೆ ಕೇಳಿ. ಹಳ್ಳಿ ರಸ್ತೆಗಳಿಗೆ ಸಾಮಾನ್ಯವಾಗಿ 66 ಅಡಿ ಜಾಗ, ಅಂದರೆ ನಡುಗೆರೆಯಿಂದ ಒಂದೊಂದು ಕಡೆ 33 ಅಡಿ. ಅದರೊಳಗೆ ಬಂಡೆ ಇಟ್ಟರೆ ತೆಗೆಸ್ತಾರೆ. ಯಾರಾದರೂ ಕಾರು ಗುದ್ದಿದರೆ ಹೊಣೆ ನಿಮ್ಮ ಮೇಲೆ ಬರಬಹುದು. ಇಡೋ ಜಾಗದಲ್ಲಿ ಹುಲ್ಲುಮಣ್ಣು ತೆಗೆದು 15 ಸೆಂ.ಮೀ. ಜಲ್ಲಿ ಬಡಿದು, ಬಂಡೆಯ ಅಗಲವಾದ ಮುಖ ಕೆಳಗೆ ಬರೋ ಹಾಗೆ ಕೂರಿಸಿ, ಕಾಲು ಭಾಗ ಮಣ್ಣಿನಲ್ಲಿರಲಿ. ಗೀರು ಇರೋ ಮುಖ ಹೊರಗೆ ಕಾಣಲಿ.

ತುಂಗಾತೀರ:

ಮಾಹಿತಿಗೆ ಧನ್ಯವಾದ. ಸರೋವರದ ದಡ, ಪಾರ್ಕುಗಳಿಂದ ಇಂಥ ಕಲ್ಲು ತರಬಹುದೇ? ಪುಡ್ಡಿಂಗ್‌ಸ್ಟೋನ್‌ಗೆ ಹೊಳಪು ಕೊಡುವುದು ಹೇಗೆ?

ಬೆಣಚುಕಲ್ಲು:

ಮಿಶಿಗನ್ ರಾಜ್ಯದ ಜಮೀನಿನಿಂದ ಒಬ್ಬರು ವರ್ಷಕ್ಕೆ 25 ಪೌಂಡ್ ಮೀರದಂತೆ, ಅಂದರೆ 11 ಕೆ.ಜಿ. ಚಿಲ್ಲರೆ, ಹವ್ಯಾಸಕ್ಕೆ ಒಯ್ಯಬಹುದು. ಸ್ಲೀಪಿಂಗ್ ಬೇರ್, ಪಿಕ್ಚರ್ಡ್ ರಾಕ್ಸ್ ಥರದ ರಾಷ್ಟ್ರೀಯ ದಡಗಳಲ್ಲಿ ಒಂದು ಕಲ್ಲೂ ಎತ್ತುವಂತಿಲ್ಲ. ಖಾಸಗಿ ಹೊಲದಲ್ಲಿ ಒಡೆಯರ ಒಪ್ಪಿಗೆ ಸಾಕು. ರಸ್ತೆ ಪಕ್ಕದ ಕಲ್ಲುಗುಡ್ಡೆಯೂ ಯಾರದೋ ಹೊಲದ್ದೇ, ಕೇಳಿಯೇ ತೆಗೆದುಕೊಳ್ಳಿ. ಹೆಚ್ಚಿನ ರೈತರು ಸಂತೋಷವಾಗಿ ಕೊಡುತ್ತಾರೆ.

ಹೊಳಪಿಗೆ: ಮಿಶಿಗನ್‌ನ ರಾಜ್ಯ ಕಲ್ಲಾದ ಪೆಟೊಸ್ಕಿ ಹವಳದ ಸುಣ್ಣಕಲ್ಲು. ಅದನ್ನು ಮರಳುಕಾಗದದಿಂದ ಕೈಯಲ್ಲೇ ಉಜ್ಜಿ ಮುಗಿಸಬಹುದು. ಪುಡ್ಡಿಂಗ್‌ಸ್ಟೋನ್‌ಗೆ ಆ ದಾರಿ ಇಲ್ಲ, ಗಡಸುತನ 7. ಕತ್ತರಿಸಲು ನೀರು ಬಿಡುವ ವಜ್ರದ ಅಲಗು ಬೇಕು, ಒತ್ತದೆ ನಿಧಾನಕ್ಕೆ ಸಾಗಬೇಕು. ಒತ್ತಿದರೆ ಅಲಗು ಬಿಸಿಯಾಗಿ ಬಾಗುತ್ತದೆ. ಆಮೇಲೆ ವಜ್ರದ ಪ್ಯಾಡಿನಲ್ಲಿ (ನಂಬರ್ ಹೆಚ್ಚಿದಷ್ಟೂ ನಯ) 60, 120, 220, 400, 800, 1500, 3000 ಹೀಗೆ ಏರುತ್ತ, ಪ್ರತಿ ಹಂತಕ್ಕೂ ಕಲ್ಲು, ಕೈ, ಬಕೆಟ್ ಎಲ್ಲ ತೊಳೆದು. ಹಿಂದಿನ ಹಂತದ ಒಂದು ಒರಟು ಕಣ ಉಳಿದರೂ ಮುಂದಿನದರಲ್ಲಿ ಗೀರು ಎಳೆಯುತ್ತದೆ. 220 ಮುಗಿದ ಮೇಲೆ ಕಲ್ಲು ಪೂರ್ತಿ ಒಣಗಿಸಿ ಬೆಳಕಿಗೆ ಹಿಡಿಯಿರಿ, ಒದ್ದೆಯಲ್ಲಿ ಗೀರುಗಳು ಅಡಗಿರುತ್ತವೆ. ಬಿಳಿ ಭಾಗದಲ್ಲಿ ಮರಳುಕಣಗಳ ನಡುವಿನ ಸಣ್ಣ ಗುಳಿ ಉಳಿದರೆ 220ಕ್ಕೆ ಹಿಂದಿರುಗಿ, ಮೇಲಿನ ಹಂತಗಳಲ್ಲಿ ಅದು ಹೋಗುವುದಿಲ್ಲ. ಕೊನೆಗೆ ಒದ್ದೆ ಫೆಲ್ಟ್ ಬಟ್ಟೆಯ ಮೇಲೆ ಸೀರಿಯಂ ಆಕ್ಸೈಡ್ ಎಂಬ ಹೊಳಪಿನ ಪುಡಿ.

ಗೌಗಂಡಾ ಟಿಲೈಟ್‌ಗೆ ಇಷ್ಟೆಲ್ಲ ಬೇಡ. ಒಂದು ಮುಖ ಕತ್ತರಿಸಿ 800ರವರೆಗೆ ಉಜ್ಜಿದರೆ ಗುಲಾಬಿ ಚೂರುಗಳು ಸ್ಪಷ್ಟವಾಗಿ ಕಾಣುತ್ತವೆ. ಉಳಿದ ಮೈಯನ್ನು ಹಿಮ ಬಿಟ್ಟ ಹಾಗೇ ಬಿಡಿ.